ಏಣಿಗೆ ಮೊದಲು ಕೇಳಿದ ಪ್ರಶ್ನೆ

2009ರ ಆರಂಭದಲ್ಲಿ ಅಮೆರಿಕದ ಒಂದು ದೊಡ್ಡ ಸಮೀಕ್ಷೆಯಿಂದ ಬಂದ ಉತ್ತರಗಳನ್ನು ದಿನಾಂಕದ ಪ್ರಕಾರ ಸಾಲಾಗಿ ಜೋಡಿಸಿ ಸರಾಸರಿ ತೆಗೆದರೆ, ಜನರ ಬದುಕು ಎರಡು ಬಾರಿ ಇದ್ದಕ್ಕಿದ್ದಂತೆ ಹಸನಾದ ಹಾಗೆ ಕಾಣುತ್ತದೆ. ಮೊದಲ ಏರಿಕೆ ಜನವರಿಯಲ್ಲಿ, ಬರಾಕ್ ಒಬಾಮ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ ಆಸುಪಾಸಿನಲ್ಲಿ. ಎರಡನೆಯದು ಏಪ್ರಿಲ್ ಮೊದಲ ವಾರದಲ್ಲಿ, ಮಾರ್ಚ್ 9ರಂದು ತಳ ಕಂಡ ಷೇರುಪೇಟೆ ಮೆಲ್ಲಗೆ ಮೇಲೇಳುತ್ತಿದ್ದಾಗ. ಎರಡಕ್ಕೂ ಕಾರಣ ಹೇಳಲು ತಜ್ಞರೇ ಬೇಕಿರಲಿಲ್ಲ. ಹೊಸ ಅಧ್ಯಕ್ಷರು ಬಂದರು, ಜನರಿಗೆ ಭರವಸೆ ಬಂತು. ಮಾರುಕಟ್ಟೆ ಎದ್ದಿತು, ಜನರ ಮನಸ್ಸೂ ಎದ್ದಿತು. ಪತ್ರಿಕೆಯೊಂದು ಹೀಗೆ ಬರೆದಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ.

ಆದರೆ ಆ ಎರಡೂ ಹೊತ್ತಿನಲ್ಲಿ ಬದಲಾಗಿದ್ದು ಪ್ರಶ್ನಾವಳಿ. ಬದುಕಿನ ಬಗೆಗಿನ ಪ್ರಶ್ನೆಯ ಒಂದು ಪದವನ್ನೂ ಯಾರೂ ಮುಟ್ಟಿರಲಿಲ್ಲ. ಅದಕ್ಕೆ ಮುಂಚೆ ಏನನ್ನು ಕೇಳುತ್ತಿದ್ದರೋ ಅದು ಮಾತ್ರ ಬದಲಾಗಿತ್ತು. ಸಮೀಕ್ಷೆಗಳ ಅಂಕಿಗಳನ್ನು ನಂಬಿ ಮಾತನಾಡುವ ಎಲ್ಲರೂ ಈ ಪ್ರಕರಣವನ್ನು ಒಮ್ಮೆ ನಿಧಾನವಾಗಿ ಓದಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಸಮೀಕ್ಷೆ ನಡೆಸಿದ್ದು ಗ್ಯಾಲಪ್ ಸಂಸ್ಥೆ, ಹೆಲ್ತ್‌ವೇಸ್ ಎಂಬ ಕಂಪನಿಯ ಜೊತೆಗೂಡಿ. 2008ರ ಜನವರಿ ಮೊದಲ ವಾರದಲ್ಲಿ ಶುರುವಾದ ಈ ಕೆಲಸದ ಗಾತ್ರ ಆವರೆಗೆ ಕಂಡು ಕೇಳದ್ದು. ದಿನಕ್ಕೆ ಸುಮಾರು 1,000 ವಯಸ್ಕರಿಗೆ ದೂರವಾಣಿ ಕರೆ. ವರ್ಷಕ್ಕೆ ಸುಮಾರು 350 ದಿನ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕೆಲವು ಸಾವಿರ ಜನರನ್ನು ಕೇಳುವ ಸಮೀಕ್ಷೆಗಳಿಗೆ ಒಗ್ಗಿದ್ದ ಸಂಶೋಧಕರಿಗೆ ಇದು ಹೊಸ ಕಣ್ಣು ಬಂದ ಹಾಗೆ. ಒಂದು ದೇಶದ ಯೋಗಕ್ಷೇಮವನ್ನು ದಿನದಿಂದ ದಿನಕ್ಕೆ ಅಳೆಯಬಹುದು. ಒಂದು ಆಘಾತ ಬಂದೆರಗಿದರೆ ಅದರ ಹಿಂದಿನ ದಿನ, ಆ ದಿನ, ಮರುದಿನ ಜನರಿಗೆ ಹೇಗನ್ನಿಸಿತು ಎಂದು ನೋಡಬಹುದು. ಆಘಾತಕ್ಕೂ ಹೆಚ್ಚು ಕಾಯಬೇಕಾಗಲಿಲ್ಲ. ಆ ವರ್ಷದ ಸೆಪ್ಟೆಂಬರ್ 15ರಂದು ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾಯಿತು.

ಸಮೀಕ್ಷೆಯ ಮುಖ್ಯ ಪ್ರಶ್ನೆಯನ್ನು ಈ ಕ್ಷೇತ್ರದವರು ಕ್ಯಾಂಟ್ರಿಲ್ ಏಣಿ ಎನ್ನುತ್ತಾರೆ. ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ 1960ರ ದಶಕದಲ್ಲಿ ಅದನ್ನು ಹಲವು ದೇಶಗಳಲ್ಲಿ ಬಳಸಿ ಪ್ರಚಾರಕ್ಕೆ ತಂದರು. ಉತ್ತರಿಸುವವರಿಗೆ ಒಂದು ಏಣಿಯನ್ನು ಕಲ್ಪಿಸಿಕೊಳ್ಳಲು ಹೇಳುತ್ತಾರೆ. ಅದರ ತಳ 0, ತುದಿ 10. ನಿಮ್ಮ ಪಾಲಿಗೆ ಸಾಧ್ಯವಿರುವ ಅತ್ಯುತ್ತಮ ಬದುಕು ತುದಿಯಲ್ಲಿದೆ, ಅತಿ ಕೆಟ್ಟ ಬದುಕು ತಳದಲ್ಲಿದೆ; ಈಗ ನೀವು ಯಾವ ಮೆಟ್ಟಿಲಿನ ಮೇಲೆ ನಿಂತಿದ್ದೀರಿ? ಐದು ವರ್ಷಗಳ ನಂತರ ಎಲ್ಲಿ ನಿಂತಿರುತ್ತೀರಿ? ಇದರ ಬಳಿಕ ನಿನ್ನೆಯ ದಿನದ ಬಗ್ಗೆ ಕೇಳುತ್ತಾರೆ: ನಿನ್ನೆ ನಕ್ಕಿರಾ, ಚಿಂತೆಯಿತ್ತೇ, ಒತ್ತಡವಿತ್ತೇ, ದುಃಖವಿತ್ತೇ. ಏಣಿ ಬದುಕಿನ ಮೌಲ್ಯಮಾಪನ, ನಿನ್ನೆಯ ಪ್ರಶ್ನೆಗಳು ಅನುಭವದ ವರದಿ. ಈ ಎರಡನ್ನು ಬೇರೆಬೇರೆಯಾಗಿ ಅಳೆದದ್ದು ಸಮೀಕ್ಷೆಯ ದೊಡ್ಡ ಗುಣ.

ದೋಷ ಇದ್ದದ್ದು ಏಣಿಯ ಮುಂದಿನ ಸಾಲಿನಲ್ಲಿ. 2008 ಚುನಾವಣೆಯ ವರ್ಷ. ಗ್ಯಾಲಪ್ ಮತಸಮೀಕ್ಷೆಗೇ ಹೆಸರಾದ ಸಂಸ್ಥೆ. ಹೀಗಾಗಿ ಕರೆಯ ಆರಂಭದಲ್ಲಿ ರಾಜಕೀಯದ ಪ್ರಶ್ನೆಗಳಿದ್ದವು; ದೇಶ ಸಾಗುತ್ತಿರುವ ರೀತಿ ನಿಮಗೆ ತೃಪ್ತಿ ತಂದಿದೆಯೇ ಎಂಬುದು ಅವುಗಳಲ್ಲೊಂದು. ಅವು ಮುಗಿದ ಕೂಡಲೇ ಏಣಿ ಬರುತ್ತಿತ್ತು. ಆ ಕಾಲದ ಮನಃಸ್ಥಿತಿ ಹೇಗಿತ್ತೆಂದರೆ, 2008ರ ಅಕ್ಟೋಬರ್‌ನಲ್ಲಿ ಗ್ಯಾಲಪ್‌ನದೇ ಮತ್ತೊಂದು ಮತಸಮೀಕ್ಷೆಯಲ್ಲಿ ದೇಶದ ಸ್ಥಿತಿಗತಿಯ ಬಗ್ಗೆ ತೃಪ್ತಿಯಿದೆ ಎಂದವರು ಶೇಕಡಾ 7 ಮಾತ್ರ. ಕರೆ ಸ್ವೀಕರಿಸಿದವರ ಜಾಗದಲ್ಲಿ ನಿಂತು ನೋಡಿ. ಅಪರಿಚಿತ ದನಿಯೊಂದು ದೇಶ ಹೇಗಿದೆ ಎಂದು ಕೇಳುತ್ತದೆ. ನೀವು ಬೇಸರದಿಂದ ಚೆನ್ನಾಗಿಲ್ಲ ಎನ್ನುತ್ತೀರಿ. ಆ ಬೇಸರ ಇಳಿಯುವ ಮೊದಲೇ ಅದೇ ದನಿ, ನಿಮ್ಮ ಬದುಕು ಯಾವ ಮೆಟ್ಟಿಲಲ್ಲಿದೆ ಎನ್ನುತ್ತದೆ.

2009ರ ಜನವರಿಯಲ್ಲಿ ಗ್ಯಾಲಪ್ ಒಂದು ಒಳ್ಳೆಯ ಕೆಲಸ ಮಾಡಿತು. ಪ್ರತಿದಿನದ 1,000 ಜನರನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಎರಡು ಪಾಲು ಮಾಡಿತು. ಒಂದು ಪಾಲಿಗೆ ಎಂದಿನಂತೆ ಮೊದಲು ರಾಜಕೀಯ, ಬಳಿಕ ಏಣಿ. ಇನ್ನೊಂದು ಪಾಲಿಗೆ ರಾಜಕೀಯದ ಪ್ರಶ್ನೆಗಳೇ ಇಲ್ಲ. ವಸಂತದವರೆಗೆ, ಎರಡು ತಿಂಗಳಿಗೂ ಹೆಚ್ಚು ಕಾಲ, ಇದು ಹೀಗೇ ನಡೆಯಿತು. ಒಂದೇ ದೇಶ, ಅದೇ ದಿನ, ಅದೇ ಆರ್ಥಿಕ ಕುಸಿತ, ಅದೇ ಹವಾಮಾನ, ಅದೇ ಸುದ್ದಿ. ಎರಡು ಪಾಲುಗಳ ನಡುವೆ ಪ್ರಶ್ನಾವಳಿಯ ಹೊರತು ಬೇರೆ ಯಾವ ವ್ಯತ್ಯಾಸವೂ ಇರಲಿಲ್ಲ.

ಈ ದತ್ತಾಂಶವನ್ನು ಕೈಗೆತ್ತಿಕೊಂಡವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್. 2015ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಅವರೇ. ಅವರಿಗೆ ತಿಳಿಯಬೇಕಾಗಿದ್ದದ್ದು ಆರ್ಥಿಕ ಬಿಕ್ಕಟ್ಟು ಅಮೆರಿಕನ್ನರ ಯೋಗಕ್ಷೇಮವನ್ನು ಎಷ್ಟು ಕುಗ್ಗಿಸಿತು ಎಂಬುದು. ಪ್ರಶ್ನಾಕ್ರಮ ಅವರ ವಿಷಯವೇ ಆಗಿರಲಿಲ್ಲ. ಬಿಕ್ಕಟ್ಟಿನ ಗುರುತು ದತ್ತಾಂಶದಲ್ಲಿ ಸ್ಪಷ್ಟವಾಗಿಯೇ ಇತ್ತು. 2008ರ ಶರತ್ಕಾಲದಿಂದ 2009ರ ವಸಂತದವರೆಗೆ ಏಣಿಯ ಅಂಕ ಇಳಿದಿತ್ತು, ಚಿಂತೆ ಮತ್ತು ಒತ್ತಡ ಏರಿದ್ದವು. ಆದರೆ ಎರಡು ಪಾಲುಗಳನ್ನು ಹೋಲಿಸಿದಾಗ ಇನ್ನೊಂದು ಸಂಗತಿ ಎದುರಾಯಿತು. ರಾಜಕೀಯದ ಪ್ರಶ್ನೆ ಕೇಳಿಸಿಕೊಂಡವರ ಸರಾಸರಿ, ಕೇಳಿಸಿಕೊಳ್ಳದವರಿಗಿಂತ ಸುಮಾರು 0.6 ಮೆಟ್ಟಿಲು ಕೆಳಗಿತ್ತು.

ಹತ್ತು ಮೆಟ್ಟಿಲಿನ ಏಣಿಯಲ್ಲಿ 0.6 ಯಾವ ಲೆಕ್ಕ ಎಂದು ಅನ್ನಿಸಬಹುದು. ಆ ಮೇಲ್ನೋಟ ಇಲ್ಲಿ ದಾರಿ ತಪ್ಪಿಸುತ್ತದೆ. ಈ ಬಗೆಯ ಸರಾಸರಿಗಳು ಒಂದು ದೇಶದಲ್ಲಿ ವರ್ಷದಿಂದ ವರ್ಷಕ್ಕೆ ಅಲುಗಾಡುವುದೇ ಕಡಿಮೆ. ಕೆಲಸ ಕಳೆದುಕೊಳ್ಳುವುದು ವ್ಯಕ್ತಿಯೊಬ್ಬರ ಜೀವನ ತೃಪ್ತಿಗೆ ಬೀಳುವ ಅತಿ ದೊಡ್ಡ ಪೆಟ್ಟುಗಳಲ್ಲೊಂದು ಎಂದು ದಶಕಗಳ ಸಂಶೋಧನೆ ಹೇಳುತ್ತದೆ. ರಾಜಕೀಯದ ಪ್ರಶ್ನೆಗಳ ಪರಿಣಾಮ ಅದಕ್ಕಿಂತ ತುಸುವೇ ಕಡಿಮೆ. ಬಿಕ್ಕಟ್ಟು ಅತ್ಯಂತ ತೀವ್ರವಾಗಿದ್ದ ದಿನಗಳ ಪರಿಣಾಮವನ್ನೂ ಈ ಪ್ರಶ್ನೆಗಳ ಪರಿಣಾಮ ಕುಬ್ಜವಾಗಿಸುತ್ತದೆ ಎಂಬುದು ಡೀಟನ್ ಅವರ ತೀರ್ಮಾನ. ಲಕ್ಷಾಂತರ ಜನರ ಕೆಲಸ, ಮನೆ, ಉಳಿತಾಯವನ್ನು ನುಂಗಿದ ಒಂದು ಮಹಾಕುಸಿತ ಒಂದು ತಕ್ಕಡಿಯಲ್ಲಿ. ಒಂದೆರಡು ನಿಮಿಷದ ಕೆಲವು ಪ್ರಶ್ನೆಗಳು ಇನ್ನೊಂದರಲ್ಲಿ. ಈ ಹೋಲಿಕೆಯನ್ನು ಮೊದಲ ಬಾರಿ ಓದಿದಾಗ ನಾನು ಪುಟವನ್ನು ಮತ್ತೆ ಹಿಂದಕ್ಕೆ ತಿರುಗಿಸಿದ್ದೆ.

ಇದು ಆಕಸ್ಮಿಕವಾಗಿ ಬಂದ ಅಂತರವಿರಬಹುದೇ? ಒಂದು ಸರಳ ಲೆಕ್ಕ ಮಾಡೋಣ. ವ್ಯಕ್ತಿಯಿಂದ ವ್ಯಕ್ತಿಗೆ ಏಣಿಯ ಅಂಕ ಹರಡಿಕೊಂಡಿರುವ ಪ್ರಮಾಣ, ಅಂದರೆ ಮಾನಕ ವಿಚಲನೆ, 2 ಎಂದು ಇಟ್ಟುಕೊಳ್ಳಿ. ದಿನಕ್ಕೆ 500ರಂತೆ 60 ದಿನಕ್ಕೆ ಪ್ರತಿ ಪಾಲಿನಲ್ಲಿ 30,000 ಜನ. ಆಗ ಎರಡು ಸರಾಸರಿಗಳ ಅಂತರದಲ್ಲಿ ಬರಬಹುದಾದ ಮಾನಕ ದೋಷ, ಅಂದರೆ ಬರೀ ಆಕಸ್ಮಿಕದಿಂದ ಸಾಮಾನ್ಯವಾಗಿ ಆಗಬಹುದಾದ ಏರುಪೇರು, 0.02ಕ್ಕಿಂತಲೂ ಕಡಿಮೆ. ಕಂಡ ಅಂತರ ಅದರ ಮೂವತ್ತು ಪಟ್ಟಿಗೂ ಹೆಚ್ಚು. ಆಕಸ್ಮಿಕ ಎನ್ನುವ ಮಾತಿಗೆ ಎಡೆಯೇ ಇಲ್ಲ. ಮೊದಲಿಗೆ ಹೇಳಿದ ಆ ಎರಡು ಏರಿಕೆಗಳೂ ಈಗ ಬಿಡಿಸಿಕೊಳ್ಳುತ್ತವೆ: ಜನವರಿಯಲ್ಲಿ ಅರ್ಧದಷ್ಟು ಜನರಿಗೆ ರಾಜಕೀಯ ತಪ್ಪಿದ್ದರಿಂದ ಒಟ್ಟು ಸರಾಸರಿ 0.6ರ ಅರ್ಧದಷ್ಟು, ಅಂದರೆ 0.3ರಷ್ಟು, ತಾನಾಗಿಯೇ ಮೇಲೇರುತ್ತದೆ. ಏಪ್ರಿಲ್‌ನ ಏರಿಕೆಗೆ ಮುಂದೆ ಬರುತ್ತೇನೆ.

ಜನರು ಸುಳ್ಳು ಹೇಳಿದರೇ? ಖಂಡಿತ ಇಲ್ಲ. ಈ ತಪ್ಪು ತಿಳಿವಳಿಕೆ ಎಷ್ಟು ಬೇಗ ಹುಟ್ಟುತ್ತದೋ ಅಷ್ಟೇ ಬೇಗ ಅದನ್ನು ಬಿಡಬೇಕು. ನಮ್ಮ ಬದುಕಿನ ಅಂಕ ಯಾರ ತಲೆಯಲ್ಲೂ ಮೊದಲೇ ಬರೆದಿಟ್ಟ ಸಂಖ್ಯೆಯಾಗಿ ಕುಳಿತಿರುವುದಿಲ್ಲ. ಕೇಳಿದಾಗ ಅದನ್ನು ಕಟ್ಟಿಕೊಳ್ಳುತ್ತೇವೆ, ಅದೂ ಕೆಲವೇ ಸೆಕೆಂಡುಗಳಲ್ಲಿ. ಆರೋಗ್ಯ, ದುಡಿಮೆ, ಸಂಬಂಧಗಳು, ಸಾಲ, ಮಕ್ಕಳ ಭವಿಷ್ಯ ಎಲ್ಲವನ್ನೂ ತೂಗಿ ನೋಡಲು ದೂರವಾಣಿಯ ಆ ಬದಿಯಲ್ಲಿರುವವರು ಕಾಯುವುದಿಲ್ಲ. ಆದ್ದರಿಂದ ಕೈಗೆ ಹತ್ತಿರವಿದ್ದದ್ದನ್ನು ತೆಗೆದುಕೊಳ್ಳುತ್ತೇವೆ. ಹತ್ತಿರ ಏನಿದೆ ಎಂಬುದನ್ನು ಹಿಂದಿನ ಪ್ರಶ್ನೆ ತೀರ್ಮಾನಿಸಿಬಿಟ್ಟಿರುತ್ತದೆ.

ಇದರ ಜೊತೆಗೆ ಸಂಭಾಷಣೆಯ ಕಟ್ಟಳೆಯೂ ಕೆಲಸ ಮಾಡುತ್ತದೆ. ಇದನ್ನು ಚೆನ್ನಾಗಿ ತೋರಿಸಿಕೊಟ್ಟವರು ಮನಶ್ಶಾಸ್ತ್ರಜ್ಞರಾದ ನಾರ್ಬರ್ಟ್ ಶ್ವಾರ್ಜ್, ಫ್ರಿಟ್ಜ್ ಸ್ಟ್ರಾಕ್ ಮತ್ತು ಸಂಗಡಿಗರು, ಜರ್ಮನಿಯಲ್ಲಿ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ. ಇಡೀ ಬದುಕಿನ ತೃಪ್ತಿಯನ್ನು ಮೊದಲು ಕೇಳಿ, ಆಮೇಲೆ ದಾಂಪತ್ಯದ ತೃಪ್ತಿಯನ್ನು ಕೇಳಿದಾಗ ಎರಡು ಉತ್ತರಗಳ ಸಹಸಂಬಂಧ, ಅಂದರೆ ಅವು ಎಷ್ಟರಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಎಂಬ ಅಳತೆ (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ಣ ನಂಟು), 0.32. ಕ್ರಮ ಅದಲುಬದಲಾಗಿ ದಾಂಪತ್ಯ ಮೊದಲು ಬಂದಾಗ ಅದು 0.67ಕ್ಕೆ ಏರಿತು. ದಾಂಪತ್ಯ ಸುಖವಾಗಿದ್ದವರಿಗೆ ಬದುಕೇ ಹೆಚ್ಚು ಸುಖವೆನಿಸಿತು, ಅಲ್ಲಿ ನೋವಿದ್ದವರಿಗೆ ಬದುಕೆಲ್ಲ ನೋವೆನಿಸಿತು. ಬಳಿಕ ಅವರು ಅದೇ ಕ್ರಮವನ್ನು ಉಳಿಸಿಕೊಂಡು, ನಿಮ್ಮ ಬದುಕಿನ ಎರಡು ಸಂಗತಿಗಳ ಬಗ್ಗೆ ಕೇಳುತ್ತೇವೆ, ದಾಂಪತ್ಯ ಮತ್ತು ಒಟ್ಟು ಬದುಕು, ಎಂಬ ಪೀಠಿಕೆಯನ್ನು ಮಾತ್ರ ಸೇರಿಸಿದರು. ಸಹಸಂಬಂಧ 0.18ಕ್ಕೆ ಕುಸಿಯಿತು. ಎರಡೂ ಒಂದೇ ಮಾತಿನ ಭಾಗವೆಂದು ತಿಳಿದಾಗ, ದಾಂಪತ್ಯದ ಬಗ್ಗೆ ಆಗಲೇ ಹೇಳಿದ್ದೇನೆ, ಉಳಿದದ್ದನ್ನು ಹೇಳೋಣ ಎಂದು ಜನ ಅದನ್ನು ಬದಿಗಿಟ್ಟರು. ಮಾತುಕತೆಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವುದು ಸೌಜನ್ಯವಲ್ಲ. ಸಮೀಕ್ಷೆಗೆ ಉತ್ತರಿಸುವವರೂ ಆ ಸೌಜನ್ಯವನ್ನು ಬಿಟ್ಟುಕೊಡುವುದಿಲ್ಲ. ಒಂದೇ ಕ್ರಮ, ಒಂದು ಸಾಲಿನ ಪೀಠಿಕೆ, ಫಲಿತಾಂಶ ಮಾತ್ರ ತಲೆಕೆಳಗು. ಗುಂಪುಗಳು ಚಿಕ್ಕವು, ಪ್ರತಿಯೊಂದರಲ್ಲೂ ಸುಮಾರು ಐವತ್ತು ಜನ. ಆದ್ದರಿಂದ ನಿಖರವಾದ ಅಂಕಿಗಳ ಮೇಲೆ ಹೆಚ್ಚು ಭಾರ ಹೊರಿಸಬಾರದು. ದಿಕ್ಕು ಮಾತ್ರ ಗಮನಿಸಬೇಕಾದದ್ದು.

ಅಮೆರಿಕದ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಏಣಿಯ ನಂತರ ನಡೆದದ್ದು. ಪಕ್ಕದ ಪ್ರಶ್ನೆ ಪಕ್ಕದ ಉತ್ತರವನ್ನು ಬಾಗಿಸುತ್ತದೆ ಎಂಬುದು ಸಮೀಕ್ಷಕರಿಗೆ ಹಳೆಯ ಸಂಗತಿ. ದೂರ ಹೋದಂತೆ ಆ ಪ್ರಭಾವ ಕರಗುತ್ತದೆ ಎಂಬ ಭರವಸೆಯೂ ಅವರಿಗಿರುತ್ತದೆ. ಇಲ್ಲಿ ಅದು ಬೇಗ ಕರಗಲಿಲ್ಲ. ಕರೆಯ ಒಳಭಾಗದಲ್ಲಿ ಬಹಳ ಮುಂದೆ ಬರುವ ಪ್ರಶ್ನೆಗಳ ಉತ್ತರಗಳೂ, ನಿನ್ನೆಯ ಭಾವನೆಗಳ ವರದಿಯೂ, ಜೀವನಮಟ್ಟದ ಬಗೆಗಿನ ತೃಪ್ತಿಯೂ ಬಾಗಿದ್ದವು. ನಿನ್ನೆ ಎಂಬುದು ಆಗಿಹೋದ ಸಂಗತಿ. ನಿನ್ನೆ ನಕ್ಕವರು ನಕ್ಕಾಗಿದೆ. ಆದರೂ ಇವತ್ತು ಕೇಳಿದ ಪ್ರಶ್ನೆ ನಿನ್ನೆಯ ನೆನಪಿನ ಬಣ್ಣವನ್ನು ಬದಲಿಸಿತು. ಅನುಭವದ ವರದಿ ಮೌಲ್ಯಮಾಪನಕ್ಕಿಂತ ಗಟ್ಟಿಯಾದ ನೆಲ ಎಂದು ನಂಬಿದ್ದವರಿಗೆ, ಅವರಲ್ಲಿ ನಾನೂ ಒಬ್ಬ, ಇದು ನುಂಗಲು ಕಷ್ಟವಾದ ತುತ್ತು.

ಈಗ ಏಪ್ರಿಲ್. ಎರಡು ಪಾಲುಗಳನ್ನು ಹೋಲಿಸಿ ತೊಂದರೆ ಕಂಡ ಮೇಲೆ ಪ್ರಶ್ನಾವಳಿಯನ್ನು ತಿದ್ದಲಾಯಿತು. ದೇಶ ಸಾಗುತ್ತಿರುವ ದಿಕ್ಕಿನ ಬಗೆಗಿನ ಪ್ರಶ್ನೆಯನ್ನು ತೆಗೆದುಹಾಕಿದರು. ರಾಜಕೀಯಕ್ಕೂ ಏಣಿಗೂ ನಡುವೆ ಒಂದು ಸೇತುವೆಯ ಪ್ರಶ್ನೆಯನ್ನಿಟ್ಟರು. ಈಗ ನಿಮ್ಮ ವೈಯಕ್ತಿಕ ಬದುಕಿನತ್ತ ಯೋಚಿಸಿ, ಅದರ ಬಗ್ಗೆ ಇಂದು ನಿಮಗೆ ತೃಪ್ತಿಯಿದೆಯೇ ಎಂಬುದು ಅದರ ತಾತ್ಪರ್ಯ. ಎರಡು ಪಾಲುಗಳ ನಡುವಿನ ಅಂತರ ಬಹುಮಟ್ಟಿಗೆ ಮಾಯವಾಯಿತು. ಜರ್ಮನಿಯ ಪೀಠಿಕೆ ಎರಡು ವಿಷಯಗಳನ್ನು ಒಂದೇ ಕಟ್ಟಿಗೆ ಸೇರಿಸಿತ್ತು. ಈ ಸೇತುವೆ ಎರಡನ್ನು ಬೇರ್ಪಡಿಸಿ, ದೇಶದ ಮಾತು ಮುಗಿಯಿತು, ಇನ್ನು ನಿಮ್ಮ ಮಾತು ಎಂದು ಹೇಳಿತು. ಸಾಧನ ಒಂದೇ ಬಗೆಯದು, ಬಳಕೆ ಬೇರೆ.

ಪರಿಹಾರ ಸೊಗಸಾಗಿದೆ, ನಿಜ. ಆದರೆ ಅದಕ್ಕೂ ಬೆಲೆಯುಂಟು. ಸೇತುವೆಯೂ ಒಂದು ಪ್ರಶ್ನೆಯೇ, ಅದಕ್ಕೂ ತನ್ನದೇ ಎಳೆತವಿದೆ. ಅದು ಉತ್ತರಿಸುವವರನ್ನು ದೇಶದಿಂದ ಬಿಡಿಸಿ ಖಾಸಗಿ ಬದುಕಿನ ಕಡೆಗೆ, ಬಹುಶಃ ಮನೆಮಂದಿಯ ಕಡೆಗೆ, ತಿರುಗಿಸುತ್ತದೆ. ಹಾಗೆ ತಿರುಗಿಸಿದ ಮೇಲೆ ಸಿಕ್ಕ ಉತ್ತರವೇ ನಿಜವಾದದ್ದು, ಮೊದಲಿನದು ಕೆಟ್ಟದ್ದು ಎನ್ನಲು ನನಗೆ ಧೈರ್ಯ ಸಾಲದು. ಒಬ್ಬರ ಬದುಕಿಗೂ ಅವರ ದೇಶದ ಸ್ಥಿತಿಗೂ ಸಂಬಂಧವೇ ಇಲ್ಲವೆಂದು ಹೇಳಿದವರು ಯಾರು? ಎರಡು ಪಾಲುಗಳಲ್ಲಿ ಯಾವುದು ಸತ್ಯ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವ ಕ್ರಮವನ್ನು ವರ್ಷಗಟ್ಟಲೆ ಅಲುಗಾಡದಂತೆ ಉಳಿಸಿಕೊಳ್ಳಬಹುದು ಎಂಬ ಪ್ರಶ್ನೆಗೆ ಮಾತ್ರ ಉತ್ತರವಿದೆ. ಏಣಿಯನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು ಎಂದು ನಾನು ವಾದಿಸುವುದು ಆ ಕಾರಣಕ್ಕೇ. ಮೊದಲ ಸ್ಥಾನದ ಉತ್ತರ ಹೆಚ್ಚು ಪರಿಶುದ್ಧ ಎಂದಲ್ಲ; ಅದರ ಮುಂದೆ ಯಾರೂ ಹೊಸದಾಗಿ ಏನನ್ನೂ ತುರುಕಲಾರರು ಎಂದು.

ಎಲ್ಲ ಕ್ರಮಪರಿಣಾಮಗಳೂ ಇಷ್ಟು ದೊಡ್ಡವಲ್ಲ. ಮನಶ್ಶಾಸ್ತ್ರಜ್ಞರಾದ ಉಲ್ರಿಚ್ ಶಿಮ್ಯಾಕ್ ಮತ್ತು ಶಿಗೆಹಿರೊ ಒಇಶಿ 2005ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಸಾಮಾನ್ಯವಾಗಿ ಅವು ಸಣ್ಣವು ಎಂದರು. ಬಹುತೇಕ ಜನರು ಪ್ರತಿ ಬಾರಿಯೂ ತಮಗೆ ಮುಖ್ಯವೆನಿಸಿದ ಕೆಲವೇ ಸಂಗತಿಗಳನ್ನು ನೆನೆಯುತ್ತಾರೆ, ಅವುಗಳನ್ನು ನೆನಪಿಸಲು ಸಮೀಕ್ಷಕರು ಬೇಕಿಲ್ಲ. ಬಿಸಿಲಿದ್ದ ದಿನ ಜನರಿಗೆ ಬದುಕು ಹೆಚ್ಚು ಚೆನ್ನಾಗಿ ಕಾಣುತ್ತದೆ ಎಂಬ 1983ರ ಪ್ರಸಿದ್ಧ ಫಲಿತಾಂಶವೂ, 2013ರಲ್ಲಿ ಸುಮಾರು ಹತ್ತು ಲಕ್ಷ ಅಮೆರಿಕನ್ನರ ಉತ್ತರಗಳಲ್ಲಿ ಹುಡುಕಿದಾಗ ಸಿಗಲಿಲ್ಲ. ಈ ಎಚ್ಚರಿಕೆಗಳನ್ನು ನಾನು ಗೌರವಿಸುತ್ತೇನೆ. ಆದರೆ ಗ್ಯಾಲಪ್ ಪ್ರಕರಣವನ್ನು ಅವು ಅಳಿಸುವುದಿಲ್ಲ. ಅಲ್ಲಿ ಮಾದರಿ ದೊಡ್ಡದು, ವಿಂಗಡಣೆ ಯಾದೃಚ್ಛಿಕ. ಅಲ್ಲದೆ ದಾಂಪತ್ಯದ ಪ್ರಶ್ನೆ ಕೆಲವರನ್ನು ಮೇಲಕ್ಕೂ ಕೆಲವರನ್ನು ಕೆಳಕ್ಕೂ ಎಳೆಯುವುದರಿಂದ ಸರಾಸರಿ ಹೆಚ್ಚು ಕದಲುವುದಿಲ್ಲ. ದೇಶದ ಸ್ಥಿತಿಯ ಪ್ರಶ್ನೆಗೆ ಆ ದಿನಗಳಲ್ಲಿ ಬಹುತೇಕ ಎಲ್ಲರ ಉತ್ತರವೂ ಒಂದೇ. ಎಲ್ಲರೂ ಒಂದೇ ಕಡೆಗೆ ವಾಲಿದ್ದರಿಂದ ದೋಣಿಯೇ ವಾಲಿತು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಈ ದತ್ತಾಂಶವನ್ನೆಲ್ಲ ಎತ್ತಿ ಎಸೆಯಬೇಕಾಗಿಯೂ ಇಲ್ಲ. ಇದೇ ಸಮೀಕ್ಷೆಯ 2008 ಮತ್ತು 2009ರ ಸುಮಾರು 4,50,000 ಉತ್ತರಗಳನ್ನು ಬಳಸಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಡೀಟನ್ 2010ರಲ್ಲಿ ಆದಾಯ ಮತ್ತು ಯೋಗಕ್ಷೇಮದ ಬಗ್ಗೆ ಬರೆದ ಪ್ರಬಂಧ ಲೋಕಪ್ರಸಿದ್ಧ. ಅಂಥ ಹೋಲಿಕೆಗೆ ಕ್ರಮದ ತೊಂದರೆ ಅಷ್ಟಾಗಿ ತಟ್ಟುವುದಿಲ್ಲ: ಒಂದೇ ದಿನ, ಒಂದೇ ಪ್ರಶ್ನಾವಳಿ ಕೇಳಿಸಿಕೊಂಡ ಬಡವರನ್ನೂ ಸಿರಿವಂತರನ್ನೂ ಹೋಲಿಸುವಾಗ ಇಬ್ಬರೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಕೆಳಗಿಳಿದಿದ್ದರೆ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ತೊಂದರೆ ಬರುವುದು ಒಂದು ಕಾಲವನ್ನು ಇನ್ನೊಂದು ಕಾಲಕ್ಕೆ, ಒಂದು ಸಮೀಕ್ಷೆಯನ್ನು ಇನ್ನೊಂದು ಸಮೀಕ್ಷೆಗೆ ಹೋಲಿಸಿದಾಗ.

ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶಗಳ ಕಚೇರಿ 2011ರ ಏಪ್ರಿಲ್‌ನಿಂದ ತನ್ನ ದೊಡ್ಡ ಕುಟುಂಬ ಸಮೀಕ್ಷೆಯಲ್ಲಿ ಯೋಗಕ್ಷೇಮದ ನಾಲ್ಕು ಪ್ರಶ್ನೆಗಳನ್ನು ಸೇರಿಸಿದಾಗ, ವಯಸ್ಸು, ಕುಟುಂಬದಂಥ ಮೂಲ ವಿವರಗಳು ಮುಗಿದ ಕೂಡಲೇ ಅವುಗಳಿಗೆ ಜಾಗ ಕೊಟ್ಟಿತು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ 2013ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇಂಥ ಪ್ರಶ್ನೆಗಳನ್ನು ಆದಷ್ಟು ಮೊದಲೇ ಕೇಳಬೇಕು, ಭಾವನೆ ಕೆದಕುವ ಪ್ರಶ್ನೆಗಳ ಬೆನ್ನಿಗೆ ಇಡಬಾರದು ಎಂದು ಸಲಹೆ ನೀಡಿತು. ಡೀಟನ್ ಅವರ ಫಲಿತಾಂಶವನ್ನು ಅಲ್ಲಿ ವಿವರವಾಗಿ ಚರ್ಚಿಸಲಾಗಿದೆ. ಅಂಕಿಗಳನ್ನು ಪ್ರಕಟಿಸುವ ಪ್ರತಿಯೊಬ್ಬರೂ ಪ್ರಶ್ನೆಯ ಪಠ್ಯದ ಜೊತೆಗೆ ಅದರ ಹಿಂದಿನ ಎರಡು ಮೂರು ಪ್ರಶ್ನೆಗಳನ್ನೂ ಅಚ್ಚು ಮಾಡಬೇಕೆಂದು ನಾನು ಸೇರಿಸುತ್ತೇನೆ. ಅರ್ಧ ಪುಟದ ಕೆಲಸ. ಅದಿಲ್ಲದೆ ಹೋಲಿಕೆ ಮಾಡುವುದು ಅಳತೆಗೋಲಿನ ಮೊದಲ ತುದಿ ಕಾಣದೆಯೇ ಉದ್ದ ಓದಿದ ಹಾಗೆ.

2008 ಮಾತ್ರ ಹಾಗೆಯೇ ಉಳಿದಿದೆ. ಆ ವರ್ಷ ಉತ್ತರಿಸಿದ ಸುಮಾರು ಮೂರೂವರೆ ಲಕ್ಷ ಜನರೂ ರಾಜಕೀಯವನ್ನು ದಾಟಿಯೇ ಏಣಿಗೆ ಬಂದವರು. ಹೋಲಿಸಲು ಇನ್ನೊಂದು ಪಾಲು ಇಲ್ಲ. 0.6 ಎಂಬ ಅಂಕಿ ಸಿಕ್ಕಿದ್ದು 2009ರ ಆರಂಭದ ವಾರಗಳಲ್ಲಿ. ಅದನ್ನೇ ಹಿಂದಕ್ಕೆ ಒಯ್ದು 2008ರ ಪ್ರತಿ ದಿನಕ್ಕೂ ಕೂಡಿಸಿದರೆ ಸರಿಹೋಗುತ್ತದೆಯೇ? ದೇಶದ ಬಗ್ಗೆ ತೃಪ್ತರಾದವರು ನೂರಕ್ಕೆ ಏಳು ಮಂದಿ ಮಾತ್ರ ಇದ್ದ ಅಕ್ಟೋಬರ್‌ನಲ್ಲಿ ಆ ಎಳೆತ ಇನ್ನೂ ಬಲವಾಗಿದ್ದಿರಬಹುದು, ಆ ವರ್ಷದ ಜನವರಿಯಲ್ಲಿ ಹಗುರವಾಗಿದ್ದಿರಬಹುದು. ಹಾಗಿದ್ದರೆ ಲೇಮನ್ ಬಿದ್ದ ಮೇಲೆ ಏಣಿಯಲ್ಲಿ ಕಂಡ ಇಳಿತದ ಒಂದು ಭಾಗ ಜನರ ಸ್ವಂತ ಬದುಕಿನದು, ಇನ್ನೊಂದು ಭಾಗ ದೇಶದ ಬಗ್ಗೆ ಆಗಷ್ಟೇ ಆಡಿದ ಮಾತಿನದು. ಎರಡನ್ನೂ ಬೇರ್ಪಡಿಸಲು ಆಗ ಬೇಕಾಗಿದ್ದದ್ದು ದಿನಕ್ಕೆ ಕೆಲವು ನೂರು ಕರೆಗಳಲ್ಲಿ ಆ ಪ್ರಶ್ನೆಗಳನ್ನು ಬಿಟ್ಟುಬಿಡುವುದಷ್ಟೇ. ಆ ಶರತ್ಕಾಲದಲ್ಲಿ ಅದನ್ನು ಯಾರೂ ಮಾಡಿರಲಿಲ್ಲ, ಮತ್ತು ಆ ಜನರನ್ನು ಆ ದಿನಗಳಲ್ಲಿ ಮತ್ತೆ ಕೇಳುವಂತಿಲ್ಲ.